ಸ್ಯಾಮ್ ಸ್ಪ್ಲಿಂಟ್: ಲೇಹ್ ದಾರಿಯ ಚಳಿಯಲ್ಲಿ ಬಿದ್ದ ಸವಾರನಿಗೆ ಎಷ್ಟು ಆಸರೆ?

ಮನಾಲಿಯಿಂದ ಲೇಹ್‌ಗೆ ಹೊರಡುವ ಬೈಕ್‌ಗಳ ಸ್ಯಾಡಲ್ ಬ್ಯಾಗ್ ತೆಗೆದು ನೋಡಿದರೆ ಪಂಕ್ಚರ್ ಕಿಟ್, ಕ್ಲಚ್ ಕೇಬಲ್, ಲಿವರ್, ಚೈನ್ ಲ್ಯೂಬ್, ಎರಡು ಟ್ಯೂಬ್ ಎಲ್ಲ ಇರುತ್ತವೆ. ಬೈಕ್ ಕೆಟ್ಟರೆ ಏನು ಮಾಡಬೇಕೆಂದು ಬೆಂಗಳೂರಿನಲ್ಲೇ ಕೂತು ಲೆಕ್ಕ ಹಾಕಿರುತ್ತಾರೆ. ಸವಾರನ ಮಣಿಕಟ್ಟು ಮುರಿದರೆ ಏನು ಎಂಬುದಕ್ಕೆ ಇರುವ ಉತ್ತರ ಮಾತ್ರ ಒಂದು ಪಟ್ಟಿ ಬ್ಯಾಂಡ್‌ಏಡ್, ಒಂದು ಬಾಟಲಿ ಡೆಟಾಲ್. ಈ ಕೊರತೆ ತುಂಬಲು ಒಂದೇ ವಸ್ತು ಕೊಳ್ಳುವುದಾದರೆ, ಮುರಿದ ಕೈಕಾಲು ಅಲುಗದಂತೆ ಕಟ್ಟುವ ಬಾಗುವ ಪಟ್ಟಿಯಾದ ಸ್ಯಾಮ್ ಸ್ಪ್ಲಿಂಟ್ ಕೊಳ್ಳಿ. 91 ಸೆಂಟಿಮೀಟರ್ ಉದ್ದದ್ದು, ಎರಡು. ಆದರೆ ಚಳಿ ಪ್ರದೇಶದಲ್ಲಿ ಇದು ಬ್ಯಾಗಿನಿಂದ ಎರಡನೆಯದಾಗಿ ಹೊರಬರಬೇಕಾದ ಸಾಮಾನು ಎಂಬುದನ್ನು ತಿಳಿದೇ ಕೊಳ್ಳಿ. ಮೊದಲನೆಯದು ಯಾವುದು ಎಂಬುದು ಮುಂದೆ ಬರುತ್ತದೆ.

ನೋಡಲು ಇದರಲ್ಲಿ ಏನೂ ಇಲ್ಲ. ತೆಳ್ಳನೆಯ ಅಲ್ಯೂಮಿನಿಯಂ ಹಾಳೆ, ಅದರ ಎರಡೂ ಬದಿಗೆ ಫೋಮ್. ಒಂದು ಬದಿ ಕಿತ್ತಳೆ, ಇನ್ನೊಂದು ನೀಲಿ. ಅಗಲ ಸುಮಾರು 11 ಸೆಂಟಿಮೀಟರ್, ತೂಕ ನೂರಿಪ್ಪತ್ತು ಗ್ರಾಂ ಆಸುಪಾಸು. ಸುರುಳಿ ಸುತ್ತಿದರೆ ಒಂದು ಅಂಗೈಯಲ್ಲಿ ಹಿಡಿಯಬಹುದು. ರೂಪಿಸಿದವರು ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಡಾ. ಸ್ಯಾಮ್ ಶೈನ್‌ಬರ್ಗ್. ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟವರು; ಚ್ಯೂಯಿಂಗ್ ಗಮ್‌ನ ಬೆಳ್ಳಿ ಹಾಳೆಯನ್ನು ಬೆರಳಿಗೆ ಸುತ್ತುತ್ತಿದ್ದಾಗ ಈ ಯೋಚನೆ ಬಂತಂತೆ. ಚಪ್ಪಟೆಯಾಗಿದ್ದಾಗ ಎರಡು ಬೆರಳಿನಲ್ಲೇ ಬಾಗುತ್ತದೆ. ಉದ್ದಕ್ಕೂ ಮಧ್ಯದಲ್ಲಿ ಒಂದು ತಗ್ಗು ಮೂಡುವಂತೆ ಅಂಚುಗಳನ್ನು ಮೇಲಕ್ಕೆ ಬಗ್ಗಿಸಿದ ಕೂಡಲೇ ಬಿಗಿಯಾಗಿ ನಿಲ್ಲುತ್ತದೆ. ಬಡಗಿಯ ಸ್ಟೀಲ್ ಟೇಪನ್ನು ಎಳೆದಾಗ ಅದು ನೆಟ್ಟಗೆ ನಿಲ್ಲುವುದು ಇದೇ ಕಾರಣಕ್ಕೆ. ಈ ತಗ್ಗನ್ನು ಸಿ-ಕರ್ವ್ ಎನ್ನುತ್ತಾರೆ. ಅದಿಲ್ಲದೆ ಕಟ್ಟಿದ ಸ್ಪ್ಲಿಂಟ್ ಬರೀ ದಪ್ಪ ಬಟ್ಟೆ. ಈ ವಸ್ತು ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಈ ಒಂದು ಹೆಜ್ಜೆಯನ್ನೇ.

ಲೇಹ್ ದಾರಿಗೆ ಇದು ಹೊಂದುವುದಕ್ಕೆ ಇನ್ನೊಂದು ಕಾರಣವಿದೆ. ಅಂಗಡಿಯಲ್ಲಿ ಗಾಳಿ ತುಂಬುವ ಸ್ಪ್ಲಿಂಟ್‌ಗಳೂ ಸಿಗುತ್ತವೆ, ಹಾಕುವುದು ಸುಲಭ. ಆದರೆ ಈ ದಾರಿಯ ಬಾರಾಲಾಚಾ ಲಾ ಎಂಬ ಘಾಟಿ ಇರುವುದು 4,890 ಮೀಟರ್ ಎತ್ತರದಲ್ಲಿ, ಅದರ ಕೆಳಗಿನ ಕೇಲಾಂಗ್ ಪಟ್ಟಣ ಸುಮಾರು 3,100 ಮೀಟರ್. ಮೇಲೆ ತುಂಬಿದ ಗಾಳಿ ಕೆಳಗಿಳಿಯುತ್ತಾ ಕುಗ್ಗುತ್ತದೆ, ಕಟ್ಟು ಸಡಿಲವಾಗುತ್ತದೆ. ಕೆಳಗೆ ತುಂಬಿ ಮೇಲೇರಿದರೆ ಬಿಗಿದು ರಕ್ತ ಓಡಾಟವನ್ನೇ ತಡೆಯುತ್ತದೆ. ಚಳಿಗೂ ಗಾಳಿ ಕುಗ್ಗುತ್ತದೆ. ಸ್ಯಾಮ್‌ನಲ್ಲಿ ಗಾಳಿಯೇ ಇಲ್ಲದ್ದರಿಂದ ಈ ತಾಪತ್ರಯ ಇಲ್ಲ. ಎಕ್ಸ್‌ರೇ ಕಿರಣ ಇದರ ಮೂಲಕ ಹಾಯುತ್ತದೆ, ಹಾಗಾಗಿ ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚದೆಯೇ ಚಿತ್ರ ತೆಗೆಯಬಹುದು.

ಚಳಿಯಲ್ಲಿ ಬೀಳುವುದಕ್ಕೂ ಬಯಲಿನಲ್ಲಿ ಬೀಳುವುದಕ್ಕೂ ಇರುವ ವ್ಯತ್ಯಾಸ ತಿಳಿಯದಿದ್ದರೆ ಸ್ಪ್ಲಿಂಟ್ ಇದ್ದೂ ಪ್ರಯೋಜನ ಕಡಿಮೆ. ಸೊನ್ನೆ ಡಿಗ್ರಿಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ಹೋಗುವವನ ಮೈಗೆ ತಾಗುವ ಚಳಿ ಮೈನಸ್ 9ಕ್ಕೆ ಸಮ. ಬೀಳುವ ಹೊತ್ತಿಗೇ ಬೆರಳು ಮರಗಟ್ಟಿರುತ್ತವೆ, ಮೈಯ ಬಿಸಿ ಅರ್ಧ ಸೋರಿರುತ್ತದೆ. ಬಹಳಷ್ಟು ಜನ ಬೀಳುವುದು ನಾಲೆ, ಅಂದರೆ ರಸ್ತೆಗೆ ಅಡ್ಡ ಹರಿಯುವ ಹಳ್ಳ, ದಾಟುವಲ್ಲಿ: ಮಧ್ಯಾಹ್ನದ ಮೇಲೆ ಹಿಮ ಕರಗಿ ನೀರು ಏರಿರುತ್ತದೆ, ತಳದಲ್ಲಿ ಉರುಟು ಕಲ್ಲು. ಬೆಳಿಗ್ಗೆಯಾದರೆ ಅದೇ ನೀರು ರಸ್ತೆಯ ಮೇಲೆ ಕಣ್ಣಿಗೆ ಕಾಣದ ಗಾಜಿನಂಥ ಪದರವಾಗಿರುತ್ತದೆ. ನಾಲೆಯಲ್ಲಿ ಬಿದ್ದವನ ಬಟ್ಟೆ ಒದ್ದೆ, ಬೂಟಿನೊಳಗೆ ನೀರು, ಮೇಲೆ ಬೀಸುಗಾಳಿ. ಮೈಯ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಬಿಸಿಲಿನಲ್ಲಿ ತಾನಾಗಿ ನಿಲ್ಲುವ ಗಾಯ ಇಲ್ಲಿ ಒಸರುತ್ತಲೇ ಇರುತ್ತದೆ. ಮುರಿದ ಮಣಿಕಟ್ಟು ಎರಡು ಗಂಟೆ ಕಾಯುತ್ತದೆ, ಚಳಿ ಕಾಯುವುದಿಲ್ಲ.

ಆದ್ದರಿಂದ ಬ್ಯಾಗಿನಿಂದ ಮೊದಲು ಹೊರಬರಬೇಕಾದದ್ದು ಫಾಯಿಲ್ ಚೀಲ. ಚಾದರದಂತೆ ಹೊದಿಸುವ ತೆಳು ಬೆಳ್ಳಿ ಹಾಳೆ ಬೇಡ. ಅದು ಗಾಳಿಗೆ ಹಾರುತ್ತದೆ, ಜಾಕೆಟ್ಟಿನ ಜಿಪ್ಪಿಗೆ ಸಿಕ್ಕಿದರೆ ಉದ್ದಕ್ಕೂ ಹರಿಯುತ್ತದೆ. ಅದೇ ವಸ್ತುವಿನಲ್ಲಿ ಮಲಗುವ ಚೀಲದ ರೂಪದ್ದು, ತುಸು ದಪ್ಪನೆಯದು ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ. ಅದು ಗಾಳಿ ತಡೆಯುತ್ತದೆ, ಮೈಯ ಬಿಸಿಯನ್ನು ಒಳಗೇ ಹಿಡಿಯುತ್ತದೆ. ನೆಲದ ತಣ್ಣನ್ನು ಮಾತ್ರ ತಡೆಯದು. ಬಿದ್ದವನ ಅಡಿಗೆ ಏನಾದರೂ ದಪ್ಪನೆಯದು ಸೇರಿಸದೆ ಮೇಲೆ ಎಷ್ಟು ಹೊದಿಸಿದರೂ ವ್ಯರ್ಥ. ಖಾಲಿ ಮಾಡಿದ ಸ್ಯಾಡಲ್ ಬ್ಯಾಗ್, ಟ್ಯಾಂಕ್ ಬ್ಯಾಗ್, ಜೊತೆಯವರ ಮಳೆ ಪ್ಯಾಂಟು, ಟೆಂಟಿನ ಚಾಪೆ, ಏನಿದೆಯೋ ಅದು. ಒದ್ದೆ ಬಟ್ಟೆಯನ್ನು ಗಾಳಿ ಮರೆಯಲ್ಲಿ ಬದಲಿಸಿ. ಒಣ ಬಟ್ಟೆ ಇಲ್ಲದಿದ್ದರೆ ಒದ್ದೆಯ ಮೇಲೆಯೇ ಚೀಲ, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್. ಬಿಸಿ ಪೊಟ್ಟಣಗಳಿದ್ದರೆ ಬಟ್ಟೆಯ ಮೇಲಿಂದ ಎದೆ ಮತ್ತು ಕಂಕುಳಲ್ಲಿ ಇಡಿ, ಬರಿ ಚರ್ಮಕ್ಕೆ ಬೇಡ. ಕೈಕಾಲು ತಿಕ್ಕಬೇಡಿ, ರಮ್ ಕುಡಿಸಬೇಡಿ. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ಮಂಕಾದರೆ ಅದು ಸುಧಾರಣೆಯ ಲಕ್ಷಣ ಅಲ್ಲ, ಪರಿಸ್ಥಿತಿ ಕೈಮೀರುತ್ತಿದೆ.

ಇದಕ್ಕೂ ಮುಂಚೆ ಮಾಡಬೇಕಾದ ಕೆಲಸಗಳು ಎಲ್ಲ ಅಪಘಾತಕ್ಕೂ ಒಂದೇ: ಹಿಂದಿನ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ ವಾಹನ ತಡೆಯುವುದು, ಉಸಿರು ನೋಡುವುದು, ರಕ್ತ ಸುರಿಯುವ ಜಾಗವನ್ನು ಒತ್ತಿ ಹಿಡಿಯುವುದು. ಉಸಿರಿಗೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ತೆಗೆಯಲೇಬೇಕಾದರೆ ಇಬ್ಬರು ಬೇಕು, ಒಬ್ಬರು ಕುತ್ತಿಗೆ ಅಲುಗದಂತೆ ಹಿಡಿಯಲು, ಇನ್ನೊಬ್ಬರು ಬಿಡಿಸಲು.

ಇನ್ನು ಸ್ಪ್ಲಿಂಟ್. ಬೀಳುವಾಗ ಅಂಗೈ ಊರಿ ಮಣಿಕಟ್ಟಿನ ಬಳಿ ಮುರಿದುಕೊಳ್ಳುವುದೇ ಸವಾರರಲ್ಲಿ ಹೆಚ್ಚು ಕಾಣುವ ಪೆಟ್ಟುಗಳಲ್ಲಿ ಒಂದು, ಹಾಗಾಗಿ ಅದನ್ನೇ ವಿವರವಾಗಿ ನೋಡೋಣ. ಮೊದಲು ಉಂಗುರ, ವಾಚು, ಕಡಗ ತೆಗೆಯಿರಿ. ಊತ ಏರಿದ ಮೇಲೆ ಉಂಗುರ ಬರುವುದಿಲ್ಲ. ಜಾಕೆಟ್ಟಿನ ಮಣಿಕಟ್ಟಿನ ಜಿಪ್ ಬಿಚ್ಚಿ ತೋಳು ಮೇಲೆ ಸರಿಸಿ, ಒಳಗಿನ ಥರ್ಮಲ್ ಹಾಗೇ ಇರಲಿ. ಮೊಣಕೈಯ ಆರ್ಮರ್ (ಪೆಟ್ಟು ತಡೆಯುವ ಪ್ಯಾಡ್) ದಪ್ಪವಿದ್ದರೆ ಸ್ಪ್ಲಿಂಟ್ ಅದರ ಮೇಲೆ ಕೂರುವುದಿಲ್ಲ. ತೋಳಿನ ಒಳಜೇಬಿನಿಂದ ಆರ್ಮರನ್ನು ಎಳೆದುಬಿಡಿ. ಬಟ್ಟೆಯಡಿ ರಕ್ತ ಕಂಡರೆ ಹೊಲಿಗೆಗುಂಟ ಕತ್ತರಿಸಿ ನೋಡಲೇಬೇಕು. ಜಾಕೆಟ್ ಎಷ್ಟು ದುಬಾರಿಯದ್ದಾದರೂ ಸರಿ. ಮೂಳೆ ಹೊರಬಂದಿದ್ದರೆ ಒಳಗೆ ತಳ್ಳುವ ಗೋಜಿಗೆ ಹೋಗಬೇಡಿ, ಶುಚಿಯಾದ ಗಾಜ್‌ನಿಂದ ಮುಚ್ಚಿ.

ಅಳತೆಯನ್ನು ನೋಯುವ ಕೈ ಮೇಲೆ ತೆಗೆಯಬೇಡಿ. ಅದೇ ವ್ಯಕ್ತಿಯ ಸರಿಯಿರುವ ಕೈಗೋ ನಿಮ್ಮ ಕೈಗೋ ಹಿಡಿದು ಆಕಾರ ಕೊಡಿ. ಸ್ಪ್ಲಿಂಟನ್ನು ಮಧ್ಯದಲ್ಲಿ ಯು ಆಕಾರಕ್ಕೆ ಬಗ್ಗಿಸಿ. ತಿರುವು ಮೊಣಕೈಯ ಹಿಂದೆ ಬರಬೇಕು, ಸ್ಪ್ಲಿಂಟಿನ ಒಂದು ತೋಳು ಅಂಗೈ ಕಡೆಯಿಂದ, ಇನ್ನೊಂದು ಕೈಯ ಮೇಲ್ಭಾಗದಿಂದ ಬೆರಳುಗಳ ಬುಡದವರೆಗೆ. ಅಂಗೈ ಕಡೆ ಹೆಚ್ಚಾಗಿ ಉಳಿದ ತುದಿಯನ್ನು ಸುರುಳಿ ಮಾಡಿದರೆ ಬೆರಳುಗಳು ಅದನ್ನು ಹಿಡಿದು ಆರಾಮಾಗಿ ಕೂರುತ್ತವೆ. ಬಳಿಕ ಎರಡೂ ತೋಳಿಗೆ ಸಿ-ಕರ್ವ್ ಕೊಡಿ. ಮೊಣಕೈ 90 ಡಿಗ್ರಿ, ಮಣಿಕಟ್ಟು ಚೂರು ಹಿಂದಕ್ಕೆ ಬಾಗಿರಲಿ. ಒಬ್ಬರು ಕೈಯನ್ನು ಆಧರಿಸಿ ಹಿಡಿದಿರುವಾಗ ಇನ್ನೊಬ್ಬರು ಬೆರಳ ಬುಡದಿಂದ ಮೊಣಕೈ ಕಡೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಬೇಕು, ಪ್ರತಿ ಸುತ್ತೂ ಹಿಂದಿನದನ್ನು ಅರ್ಧ ಮುಚ್ಚುವಂತೆ. ಎಳೆದು ಬಿಗಿಯುವ ಅಗತ್ಯವಿಲ್ಲ. ಬಿಗಿ ಕೊಡುವುದು ಅಲ್ಯೂಮಿನಿಯಂ, ಬ್ಯಾಂಡೇಜ್ ಅದನ್ನು ಜಾಗದಲ್ಲಿ ಹಿಡಿದಿಟ್ಟರೆ ಸಾಕು. ಕೊನೆಗೆ ತ್ರಿಕೋನ ಬಟ್ಟೆಯ ಜೋಳಿಗೆ, ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರುವಂತೆ.

ಬೆರಳ ತುದಿ ಹೊರಗೆ ಕಾಣಲೇಬೇಕು. ಅಲ್ಲೇ ಚಳಿಯ ಸಮಸ್ಯೆ ಶುರು, ಏಕೆಂದರೆ ಸ್ಪ್ಲಿಂಟ್ ಹಾಕಿದ ಕೈಗೆ ಗ್ಲೌಸ್ ಹೋಗುವುದಿಲ್ಲ. ದೊಡ್ಡ ಉಣ್ಣೆ ಸಾಕ್ಸ್ ಒಂದನ್ನು ಸ್ಪ್ಲಿಂಟ್ ಮೇಲಿಂದ ಎಳೆಯಿರಿ. ಬೆಚ್ಚಗೂ ಇರುತ್ತದೆ, ಬೇಕೆಂದಾಗ ಸರಿಸಿಯೂ ನೋಡಬಹುದು. ನೋಡಬೇಕಾದದ್ದು ಇಷ್ಟು: ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು, ಬೆರಳು ಅಲುಗಬೇಕು, ಮುಟ್ಟಿದ್ದು ತಿಳಿಯಬೇಕು. ಚಳಿಯಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ತಣ್ಣಗಿರುವ ಬೆರಳಲ್ಲಿ ಬಣ್ಣ ಹೇಗೂ ನಿಧಾನವಾಗಿಯೇ ಮರಳುತ್ತದೆ, ಜೋಮು ಹೇಗೂ ಇರುತ್ತದೆ. ಇನ್ನೊಂದು ಕೈಯ ಅದೇ ಬೆರಳಿನ ಜೊತೆ ಹೋಲಿಸಿ. ಎರಡೂ ಒಂದೇ ರೀತಿ ಇದ್ದರೆ ಚಳಿ ಕಾರಣ. ಪೆಟ್ಟಾದ ಕೈ ಮಾತ್ರ ಬಿಳಿಚಿದ್ದರೆ ಬ್ಯಾಂಡೇಜ್ ಸಡಿಲಿಸಿ. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಈ ತಪಾಸಣೆ ಆಗಬೇಕು, ಊತ ಏರುತ್ತಲೇ ಇರುತ್ತದೆ. ಬೆರಳನ್ನು ಬೇರೆಯವರು ಮೆಲ್ಲಗೆ ಚಾಚಿಸಿದಾಗ ತಡೆಯಲಾಗದ ನೋವು, ಸಡಿಲಿಸಿದರೂ ಇಳಿಯದ ನೋವು ಇದ್ದರೆ ಮಾಂಸಖಂಡದೊಳಗೆ ಒತ್ತಡ ಏರುತ್ತಿದೆ. ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಸ್ಥಿತಿ ಅದು.

ಕಾಲಿಗೆ ಬಂದರೆ ನನ್ನ ಮೆಚ್ಚುಗೆ ಸ್ವಲ್ಪ ಇಳಿಯುತ್ತದೆ. ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಸಾಮಾನು ಪೆಟ್ಟಿಗೆ (ಪ್ಯಾನಿಯರ್ ಬಾಕ್ಸ್) ಕಟ್ಟಿದ ಬೈಕ್ ವಾಲಿದಾಗ ಸವಾರ ಕಾಲು ಊರುತ್ತಾನೆ, ಬೈಕ್ ಮುಂದೆ ಸರಿದು ಬಾಕ್ಸು ಹಿಮ್ಮಡಿಯ ಮೇಲೆ ಕೂರುತ್ತದೆ. ಪಾದ, ಕಣಕಾಲಿನ ಕೀಲು, ಮೊಣಕಾಲ ಕೆಳಗಿನ ಮೂಳೆ, ಯಾವುದೂ ಹೋಗಬಹುದು. ಕೀಲಿಗೆ ಒಂದು ಸ್ಪ್ಲಿಂಟನ್ನು ಹಿಮ್ಮಡಿಯ ಕೆಳಗಿಂದ ಎರಡೂ ಬದಿಗೆ ಯು ಆಕಾರದಲ್ಲಿ ಏರಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಒಳ್ಳೆಯ ರೈಡಿಂಗ್ ಬೂಟು ಹಾಕಿದ್ದರೆ, ಒಳಗೆ ನೀರು ಹೋಗಿಲ್ಲದಿದ್ದರೆ, ಬೆರಳಿಗೆ ಸ್ಪರ್ಶ ತಿಳಿಯುತ್ತಿದ್ದರೆ ಬೂಟು ಬಿಚ್ಚದೆ ಬಕಲ್ ಮಾತ್ರ ಸಡಿಲಿಸುವುದು ಲೇಸು. ಆ ಬೂಟೇ ಸ್ಪ್ಲಿಂಟು, ಅದೇ ಬಿಸಿ. ಬಿಚ್ಚಿದ ಬೂಟನ್ನು ಊದಿದ ಕಾಲಿಗೆ ಮತ್ತೆ ಹಾಕಲಾಗುವುದಿಲ್ಲ. ಮೊಣಕಾಲ ಕೆಳಗಿನ ಉದ್ದ ಮೂಳೆಗೆ ಎರಡು ಸ್ಪ್ಲಿಂಟ್ ಬೇಕು, ಎರಡಕ್ಕೂ ಸಿ-ಕರ್ವ್ ಸಾಲದು. ಉದ್ದಕ್ಕೆ ನಡುವೆ ಪೂರ್ತಿ ಮಡಚಿ ಅಂಚುಗಳನ್ನು ಹೊರಕ್ಕೆ ತೆರೆದ ಟಿ-ಕರ್ವ್ ಕೊಡಬೇಕು. ಎರಡು ಕೊಳ್ಳಿ ಎಂದದ್ದು ಇದಕ್ಕೇ.

ತೊಡೆಮೂಳೆ, ಸೊಂಟ, ಬೆನ್ನುಹುರಿಗೆ ಸ್ಯಾಮ್ ಉತ್ತರ ಅಲ್ಲ. ಇದನ್ನು ಕುತ್ತಿಗೆಗೆ ಕಾಲರ್‌ನಂತೆ ಸುತ್ತುವ ಕ್ರಮ ಕೆಲವು ವಿಡಿಯೋಗಳಲ್ಲಿದೆ. ತರಬೇತಿ ಇಲ್ಲದವರು ಅದಕ್ಕೆ ಕೈ ಹಾಕಬೇಡಿ, ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದಿರುವುದೇ ಮೇಲು. ಸವಾರರಿಗೆ ಮತ್ತೆ ಮತ್ತೆ ಮುರಿಯುವ ಕಾಲರ್ ಬೋನ್‌ಗೂ ಇದರಿಂದ ಉಪಯೋಗವಿಲ್ಲ. ಅದಕ್ಕೆ ಜೋಳಿಗೆ ಕಟ್ಟಿ, ಇನ್ನೊಂದು ಬಟ್ಟೆಯಿಂದ ತೋಳನ್ನು ಎದೆಗೆ ಸೇರಿಸಿ ಸುತ್ತಿದರೆ ಆಯಿತು. ಎರಡು ತ್ರಿಕೋನ ಬಟ್ಟೆಯ ಬೆಲೆ ಏನೂ ಅಲ್ಲ, ಆದರೂ ಸ್ಪ್ಲಿಂಟ್ ಕೊಂಡವರು ಅದನ್ನು ಮರೆಯುತ್ತಾರೆ.

ಜೊತೆಗೆ ಬೇಕಾದದ್ದರಲ್ಲಿ 10 ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜ್ ಮೂರು ಇರಲಿ, ಒಂದಾದರೂ ತನಗೆ ತಾನೇ ಅಂಟಿಕೊಳ್ಳುವ ಬಗೆಯದು. ಮಾಮೂಲಿ ಕ್ರೇಪಿನ ಪುಟ್ಟ ಲೋಹದ ಕ್ಲಿಪ್ಪನ್ನು ಮರಗಟ್ಟಿದ ಬೆರಳಿನಲ್ಲಿ ಸಿಕ್ಕಿಸುವುದು ಆಗದ ಮಾತು. ಅಂಟು ಟೇಪು ಚಳಿಗೆ, ಒದ್ದೆಗೆ ಹಿಡಿಯುವುದಿಲ್ಲ. ಜಾಕೆಟ್ಟಿನ ಒಳಜೇಬಿನಲ್ಲಿ ಮೈಗೆ ತಾಗಿಕೊಂಡಿದ್ದರೆ ಅಂಟು ಬದುಕಿರುತ್ತದೆ. ಫೋನಿನ ಜಾಗವೂ ಅಲ್ಲೇ, ಹ್ಯಾಂಡಲ್ ಮೇಲಿನ ಹೋಲ್ಡರಿನಲ್ಲಿ ಬ್ಯಾಟರಿ ಬೇಗ ಸಾಯುತ್ತದೆ. ಮೊಂಡು ತುದಿಯ ಟ್ರಾಮಾ ಕತ್ತರಿ ಒಂದು. ಸ್ಪ್ಲಿಂಟನ್ನೂ ಅದರಲ್ಲೇ ಕತ್ತರಿಸಬಹುದು, ಕತ್ತರಿಸಿದ ಅಂಚಿನ ಲೋಹ ಚರ್ಮ ಸೀಳುತ್ತದೆ, ಮಡಚಿ ಟೇಪ್ ಸುತ್ತಿ. ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಸಾಕು. ನಮ್ಮೂರಲ್ಲಿ ಎಲ್ಲರ ಮನೆಯಲ್ಲಿರುವ ಡೋಲೋ 650ರಂಥದ್ದು, ಆರು ಗಂಟೆಗೊಂದು. ತಲೆಗೆ ಪೆಟ್ಟಾಗಿದ್ದರೆ ಅಥವಾ ರಕ್ತಸ್ರಾವ ಇದ್ದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ. ಪೂರ್ತಿ ಎಚ್ಚರವಿದ್ದು, ವಾಂತಿಯಿಲ್ಲದೆ, ತಲೆ ಹೊಟ್ಟೆಗೆ ಪೆಟ್ಟಿಲ್ಲದವನಿಗೆ ಸಕ್ಕರೆ ಹೆಚ್ಚು ಹಾಕಿದ ಬಿಸಿ ಚಹಾ ಒಳ್ಳೆಯದು.

ಎತ್ತರದಲ್ಲಿ ಒಂದು ಗೊಂದಲ ಕಾಡುತ್ತದೆ. ತಲೆನೋವು, ವಾಂತಿ, ತಬ್ಬಿಬ್ಬು ಮಾತು ಎತ್ತರದ ಕಾಯಿಲೆಗೂ ಇದೆ, ಮೆದುಳಿನ ಪೆಟ್ಟಿಗೂ ಇದೆ. ಯಾವುದೆಂದು ಅಲ್ಲಿ ನಿಂತು ತೀರ್ಮಾನಿಸಬೇಕಿಲ್ಲ, ಎರಡಕ್ಕೂ ತಡಮಾಡದೆ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸುವುದೇ ದಾರಿ. ಕೇಲಾಂಗ್‌ನಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಲೇಹ್‌ನಲ್ಲಿ ಸೋನಮ್ ನೊರ್ಬು ಸ್ಮಾರಕ ಆಸ್ಪತ್ರೆ ಇದೆ. ನಡುವಿನ ದಾರಿಯಲ್ಲಿ ಸೇನೆ ಮತ್ತು ಬಿಆರ್‌ಒ (ಗಡಿ ರಸ್ತೆ ಸಂಸ್ಥೆ) ಶಿಬಿರಗಳೇ ಗತಿ, ಎಲ್ಲೆಲ್ಲಿವೆ ಎಂದು ಹೋಗುವಾಗಲೇ ಗುರುತಿಟ್ಟುಕೊಳ್ಳಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಬಳಿ ಪೋಸ್ಟ್‌ಪೇಯ್ಡ್ ಇರಲಿ. ವಿದೇಶದಲ್ಲಿರುವ ನೆಂಟರು ಕೊಡುವ ಸ್ಯಾಟಲೈಟ್ ಮೆಸೆಂಜರ್ ತರಬೇಡಿ, ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಗುರುತಿಲ್ಲದ ಸವಾರನಿಗೆ ನೆರವಾಗಲು ಹಿಂಜರಿಯುವವರಿಗೆ ಒಂದು ಮಾತು: 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ಸ್ಪ್ಲಿಂಟಿನ ಕೆಲಸ ಆಸ್ಪತ್ರೆ ಬಾಗಿಲಿಗೆ ಮುಗಿಯಿತು. ಆಮೇಲಿನದು ಸವಾರನ ಕೈಯಲ್ಲಿದೆ, ಅಲ್ಲಿ ಆಗುವ ಅನಾಹುತವೂ ಕಡಿಮೆಯಲ್ಲ. ಹೊಸ ಪ್ಲಾಸ್ಟರ್ ಹಾಕಿದ 48 ಗಂಟೆಯೊಳಗೆ ಲೇಹ್‌ನಿಂದ ವಿಮಾನ ಹತ್ತುವುದಾದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಂಡೇ ಹತ್ತಿ. ಒಳಗೆ ಊತಕ್ಕೆ ಜಾಗ ಬೇಕು. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವಿದ್ದು ಎಕ್ಸ್‌ರೇ ಸರಿ ಬಂದರೆ ನಿಶ್ಚಿಂತರಾಗಬೇಡಿ. ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯ ಬಿರುಕು ಮೊದಲ ದಿನದ ಚಿತ್ರದಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಹತ್ತು ಹದಿನಾಲ್ಕು ದಿನದ ಬಳಿಕ ಮತ್ತೆ ತೆಗೆಸಬೇಕು, ಅಲ್ಲಿಯವರೆಗೆ ಕಟ್ಟು ಇರಬೇಕು. ಇದನ್ನು ಉಳುಕೆಂದು ಬಿಟ್ಟರೆ ಮೂಳೆಗೆ ರಕ್ತ ನಿಂತು ಮಣಿಕಟ್ಟೇ ಕೆಡುತ್ತದೆ. ಊರಿಗೆ ಬಂದ ಮೇಲೆ ಮನೆಯವರು ಮೂಳೆ ಕಟ್ಟುವ ನಾಟಿ ಚಿಕಿತ್ಸೆಯಾದ ‘ಪುತ್ತೂರು ಕಟ್ಟು’ ಹಾಕಿಸಲು ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಗಾಯವಿರುವ ಮುರಿತ, ಕೀಲಿನೊಳಗಿನ ಮುರಿತ, ಸ್ಕೇಫಾಯ್ಡ್, ಈ ಮೂರಕ್ಕೂ ಅದು ಬೇಡವೇ ಬೇಡ.

ಮಣಿಕಟ್ಟಿಗೆ ಪ್ಲಾಸ್ಟರ್ ಸಾಮಾನ್ಯವಾಗಿ ಆರು ವಾರ, ಕಾಲರ್ ಬೋನ್ ಕೂಡಲು ಆರರಿಂದ ಹನ್ನೆರಡು ವಾರ. ಬೆರಳು, ಮೊಣಕೈ, ಭುಜ ಮೊದಲ ದಿನದಿಂದಲೇ ಅಲುಗುತ್ತಿರಬೇಕು, ಇಲ್ಲವಾದರೆ ಮೂಳೆ ಕೂಡುವ ಹೊತ್ತಿಗೆ ಕೀಲು ಸೆಡೆತು ಹೋಗಿರುತ್ತದೆ. ಪ್ಲಾಸ್ಟರ್ ಬಿಚ್ಚಿದ ವಾರವೇ ಬೈಕ್ ಹತ್ತುವವರಿದ್ದಾರೆ. ಮೂಳೆ ಕೂಡಿದ್ದರೂ ಹಿಡಿತದ ಬಲ ಬಂದಿರುವುದಿಲ್ಲ, ಗಟ್ಟಿ ಬ್ರೇಕ್ ಹಿಡಿಯಬೇಕಾದಾಗ ಅದು ಕೈಕೊಡುತ್ತದೆ. ವೈದ್ಯರು ಒಪ್ಪಿದ ಮೇಲೆ ನಿಂತ ಬೈಕಿನಲ್ಲಿ ಕೂತು ಲಿವರನ್ನು ಪೂರ್ತಿ ಎಳೆದು ಹಿಡಿದು ನೋಡಿ. ನೋವಿಲ್ಲದೆ ಸಿಗ್ನಲ್ ಬಿಡುವವರೆಗೆ ಹಿಡಿಯಲಾಗದಿದ್ದರೆ ರಸ್ತೆಗೆ ಇನ್ನೂ ಹೊತ್ತಾಗಿಲ್ಲ.

ಕೊಳ್ಳುವಾಗ ಎಚ್ಚರ: ಇದೇ ಬಣ್ಣದ, ಇದೇ ಆಕಾರದ ನಕಲು ಆನ್‌ಲೈನಿನಲ್ಲಿ ತುಂಬಿದೆ. ಬಂದ ದಿನವೇ ಸಿ-ಕರ್ವ್ ಕೊಟ್ಟು ಒಂದು ತುದಿಯನ್ನು ಮೇಜಿಗೆ ಒತ್ತಿ ಹಿಡಿದು, ಹೊರಚಾಚಿದ ಇನ್ನೊಂದು ತುದಿಯ ಮೇಲೆ ಫೋನ್ ಇಟ್ಟು ನೋಡಿ. ಜೋತುಬಿದ್ದರೆ ಲೋಹ ತೀರಾ ತೆಳು. ಏಳೆಂಟು ಬಾರಿ ಬಗ್ಗಿಸಿ ಬಿಡಿಸಿದಾಗ ಅಂಚಿನಲ್ಲಿ ಫೋಮ್ ಏಳಬಾರದು. ಎರಡೂ ಪರೀಕ್ಷೆಯಲ್ಲಿ ನಿಂತರೆ ಯಾವ ಹೆಸರಿನದಾದರೂ ಒಯ್ಯಬಹುದು. ಅದೇ ದಿನ ಗ್ಲೌಸ್ ಹಾಕಿಕೊಂಡು ಜೊತೆಗಾರರ ಸರಿಯಿರುವ ಕೈಗೆ ಪೂರ್ತಿ ಕಟ್ಟು ಕಟ್ಟಿ ಅಭ್ಯಾಸ ಮಾಡಿ. ಬಳಸಿದ ಮೇಲೆ ಸೋಪು ನೀರಿನಲ್ಲಿ ಒರೆಸಿ, ಕೈಯಿಂದ ಚಪ್ಪಟೆ ಮಾಡಿ ಸುತ್ತಿಟ್ಟರೆ ಮತ್ತೆ ಬರುತ್ತದೆ. ಒಂದೇ ಜಾಗದಲ್ಲಿ ಪದೇಪದೇ ಮಡಚಿ ಬಿಳಿ ಗೆರೆ ಬಿದ್ದದ್ದನ್ನು ಮನೆಯ ಅಭ್ಯಾಸಕ್ಕೆ ಇಟ್ಟುಕೊಂಡು ಹೊಸದನ್ನು ಬ್ಯಾಗಿಗೆ ಹಾಕಿ. ಫಾಯಿಲ್ ಚೀಲ ಎಲ್ಲಕ್ಕಿಂತ ಮೇಲೆ, ಕೈಗೆ ಮೊದಲು ಸಿಗುವಂತೆ.